ಟಿಪಿ4056: ಬಿಸಿಲೇರಿದರೆ ಕೆಂಪು, ಹಸಿರು ಎರಡೂ ದೀಪ ಆರುತ್ತವೆ, ಚಿಪ್ ಕೆಟ್ಟಿದೆಯೇ?

ಹೊಲದಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಲಬುರಗಿ ಹತ್ತಿರದ ನಮ್ಮ ಹೊಲದಲ್ಲಿ ಮಣ್ಣಿನ ತೇವವನ್ನು ಗಂಟೆಗೊಮ್ಮೆ ದಾಖಲಿಸುವ ಸಣ್ಣ ಪೆಟ್ಟಿಗೆಯೊಂದನ್ನು ಮಾಡಿಟ್ಟಿದ್ದೇನೆ. ಒಳಗೆ ಇಎಸ್‌ಪಿ32 ಎಂಬ ವೈಫೈ ಇರುವ ಮೈಕ್ರೊಕಂಟ್ರೋಲರ್ ಬೋರ್ಡ್, 2600 ಎಂಎಎಚ್‌ನ ಒಂದು 18650 ಲಿಥಿಯಂ ಅಯಾನ್ ಸೆಲ್ ಮತ್ತು ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣದ ಟಿಪಿ4056 ಚಾರ್ಜರ್ ಮಾಡ್ಯೂಲ್ ಇವೆ. ಪೆಟ್ಟಿಗೆ ಪಂಪ್‌ಸೆಟ್ಟಿನ ತಗಡಿನ ಶೆಡ್ಡಿನೊಳಗಿದ್ದು, 5 ವೋಲ್ಟಿನ ಅಡಾಪ್ಟರಿನಿಂದ ಚಾರ್ಜ್ ಆಗುತ್ತದೆ.

ಆ ಮಾಡ್ಯೂಲಿನಲ್ಲಿ ಚಿಪ್ಪಿನ ಒಂದನೇ ಕಾಲು, ಅಂದರೆ ಟೆಂಪ್ ಪಿನ್, ಗ್ರೌಂಡಿಗೆ ಸೇರಿರುವುದರಿಂದ ಸೆಲ್ಲಿನ ಉಷ್ಣಾಂಶವನ್ನು ಅದು ನೋಡುವುದೇ ಇಲ್ಲ ಎಂದು ಓದಿದ್ದೆ. ಆದ್ದರಿಂದ ಆ ಕಾಲನ್ನು ಕಾಯಿಸಿ, ಸೂಜಿಯಿಂದ ಮೇಲೆತ್ತಿ, ಇನ್‌ಪುಟ್ ವೋಲ್ಟೇಜಿನಿಂದ 10 ಕಿಲೋ ಓಮ್ ರೆಸಿಸ್ಟರನ್ನೂ ಗ್ರೌಂಡಿನ ಕಡೆಗೆ 10 ಕಿಲೋ ಓಮ್ ಎನ್‌ಟಿಸಿ ಥರ್ಮಿಸ್ಟರನ್ನೂ (ಬಿಸಿಯಾದಂತೆ ಪ್ರತಿರೋಧ ಇಳಿಯುವ ಬಿಡಿಭಾಗ; ಆ ಇಳಿತದ ವೇಗ ಹೇಳುವ ಬೀಟಾ ಅಂಕಿ 3950) ಬೆಸೆದೆ. ಥರ್ಮಿಸ್ಟರನ್ನು ಸೆಲ್ಲಿನ ಮೈಗೆ ಶಾಖ ತಡೆಯುವ ಟೇಪಿನಿಂದ ಅಂಟಿಸಿದ್ದೇನೆ.

ಜನವರಿಯಲ್ಲಿ ಧಾರವಾಡದ ಹಾಸ್ಟೆಲಿನಲ್ಲಿ ಕಟ್ಟಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಥರ್ಮಿಸ್ಟರನ್ನು ಎರಡು ಬೆರಳುಗಳ ನಡುವೆ ಹಿಡಿದರೆ ಹತ್ತು ಎಣಿಸುವಷ್ಟರಲ್ಲಿ ಕೆಂಪು ದೀಪ ಆರುತ್ತಿತ್ತು, ಬಿಟ್ಟು ಊದಿದರೆ ಮತ್ತೆ ಹತ್ತುತ್ತಿತ್ತು. ರಕ್ಷಣೆ ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟಿದ್ದೆ. ಈಗ ಮೇ ತಿಂಗಳಲ್ಲಿ ಬೆಳಗಿನ ಎಂಟರೊಳಗೇ ಕೆಂಪು, ಹಸಿರು ಎರಡೂ ಆರಿ, ಮರುದಿನ ನಸುಕಿನವರೆಗೂ ಹಾಗೆಯೇ ಇರುತ್ತವೆ. ಪೆಟ್ಟಿಗೆಯನ್ನು ಮನೆಗೆ ತಂದು ಅಳೆದೆ. ಕೋಣೆಯಲ್ಲಿ 31 ಡಿಗ್ರಿ ಇತ್ತು, ಇನ್‌ಪುಟ್ 5.02 ವೋಲ್ಟ್, ಟೆಂಪ್ ಪಿನ್ನಿನಲ್ಲಿ 2.18 ವೋಲ್ಟ್. ಚಿಪ್ ಬದಲಿಸಿದರೂ ಫಲಿತಾಂಶ ಅದೇ. ಎರಡೂ ದೀಪ ಆರಿದರೆ ಏನರ್ಥ? ನನ್ನ ತಪ್ಪು ಎಲ್ಲಿದೆ?

ಬೆಸುಗೆಕಡ್ಡಿ (ಉತ್ತರ)

ನಿಮ್ಮ ಎರಡು ಚಿಪ್‌ಗಳೂ ಚೆನ್ನಾಗಿವೆ. ತಪ್ಪು 10 ಕಿಲೋ ಓಮ್ ರೆಸಿಸ್ಟರಿನಲ್ಲಿದೆ, ಮತ್ತು ಅದು ಜನವರಿಯಲ್ಲೇ ನಿಮ್ಮ ಬೆರಳುಗಳ ನಡುವೆ ಕಾಣಿಸಿಕೊಂಡಿತ್ತು. ಬೆರಳ ತುದಿಯ ಚರ್ಮದ ಉಷ್ಣಾಂಶ 33 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟಕ್ಕೇ ಚಾರ್ಜಿಂಗ್ ನಿಂತಿತೆಂದರೆ ಅದನ್ನು ರಕ್ಷಣೆ ಎನ್ನುವಂತಿಲ್ಲ, ಮಿತಿ ಕೆಳಗೆ ಜಾರಿದೆ ಎನ್ನಬೇಕು.

ಟಿಪಿ4056 ಟೆಂಪ್ ಪಿನ್ನಿನ ವೋಲ್ಟೇಜನ್ನು ಇಷ್ಟೇ ವೋಲ್ಟ್ ಎಂದು ನೋಡುವುದಿಲ್ಲ, ಇನ್‌ಪುಟ್ ವೋಲ್ಟೇಜಿನ ಶೇಕಡಾವಾರು ಪಾಲಾಗಿ ನೋಡುತ್ತದೆ. ಅದು ಶೇ 45ಕ್ಕಿಂತ ಕಡಿಮೆಯಾದರೆ ಸೆಲ್ ತುಂಬ ಬಿಸಿಯಾಗಿದೆ ಎಂದೂ ಶೇ 80ಕ್ಕಿಂತ ಹೆಚ್ಚಾದರೆ ತುಂಬ ತಣ್ಣಗಿದೆ ಎಂದೂ ತಿಳಿದು, ಆ ಸ್ಥಿತಿ 0.15 ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದರೆ ಚಾರ್ಜಿಂಗನ್ನು ತಡೆಹಿಡಿಯುತ್ತದೆ. ಥರ್ಮಿಸ್ಟರಿಗೂ ಅದೇ ಇನ್‌ಪುಟ್ಟಿನಿಂದ ವಿದ್ಯುತ್ ಸಿಗುವುದರಿಂದ ಅಡಾಪ್ಟರ್ 5.2 ಕೊಡಲಿ, ತಂತಿಯಲ್ಲಿ ಇಳಿದು 4.7 ತಲುಪಲಿ, ಅನುಪಾತ ಬದಲಾಗುವುದಿಲ್ಲ. ಅಗ್ಗದ ಚಿಪ್ಪಿನಲ್ಲಿ ಇದೊಂದು ಜಾಣತನದ ವಿನ್ಯಾಸ ಎಂದೇ ನನ್ನ ಎಣಿಕೆ.

ನಿಮ್ಮ 5.02 ವೋಲ್ಟಿನ ಶೇ 45 ಎಂದರೆ 2.26. ಅಳತೆ 2.18. ಹಾಗಾಗಿ ಚಿಪ್ ತನ್ನ ನಿಯಮದ ಪ್ರಕಾರವೇ ನಡೆದುಕೊಂಡಿದೆ. ಎರಡೂ 10 ಕಿಲೋ ಆಗಿರುವ ಜೋಡಿ 25 ಡಿಗ್ರಿಯಲ್ಲಿ ಸರಿಯಾಗಿ ಅರ್ಧಕ್ಕೆ ನಿಲ್ಲುವುದರಿಂದ ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ 45 ಮತ್ತು 80ರ ನಡುವೆ 50 ಎಂಬುದು ಬಿಸಿಯ ಅಂಚಿಗೆ ತೀರ ಹತ್ತಿರ. ಥರ್ಮಿಸ್ಟರ್ 8.18 ಕಿಲೋ ಓಮ್‌ಗೆ ಇಳಿದ ಕೂಡಲೇ ಅನುಪಾತ ಶೇ 45 ಮುಟ್ಟುತ್ತದೆ. ಬೀಟಾ 3950ರ ಥರ್ಮಿಸ್ಟರಿನಲ್ಲಿ ಅದು 29.6 ಡಿಗ್ರಿ. ಧಾರವಾಡದ ಜನವರಿಗೆ ಅದು ಸಾಕಾಗಿತ್ತು, ಕಲಬುರಗಿಯ ಮೇ ತಿಂಗಳಲ್ಲಿ ನಸುಕಿನ ಹೊತ್ತಿಗೆ ಮಾತ್ರ ಸಾಕಾಗುತ್ತದೆ. ಇನ್ನೊಂದು ತುದಿಯಲ್ಲಿ ಶೇ 80 ತಲುಪುವುದು ಸೊನ್ನೆಗಿಂತ 3 ಡಿಗ್ರಿ ಕೆಳಗೆ, ಅದೂ ಸರಿಯಲ್ಲ.

ಸೆಲ್‌ಗಳಿಗೆ ಸಾಮಾನ್ಯವಾಗಿ ಹೇಳುವ ಚಾರ್ಜಿಂಗ್ ವ್ಯಾಪ್ತಿ 0ಯಿಂದ 45 ಡಿಗ್ರಿ. ಎರಡು ಮಿತಿಗಳನ್ನು ಹಿಡಿಯಬೇಕಾದರೆ ಬದಲಿಸಲು ಎರಡು ಮೌಲ್ಯಗಳು ಬೇಕು. ಆದ್ದರಿಂದಲೇ ಚಿಪ್ಪಿನ ಡೇಟಾಶೀಟಿನಲ್ಲಿ (ತಯಾರಕರ ವಿವರಪತ್ರದಲ್ಲಿ) ಇನ್‌ಪುಟ್ಟಿನಿಂದ ಬರುವ ಒಂದು ರೆಸಿಸ್ಟರ್ ಅಲ್ಲದೆ ಥರ್ಮಿಸ್ಟರಿಗೆ ಸಮಾಂತರವಾಗಿ ಇನ್ನೊಂದನ್ನೂ ತೋರಿಸಿದ್ದಾರೆ. ನಿಮ್ಮ ಥರ್ಮಿಸ್ಟರ್ 0 ಡಿಗ್ರಿಯಲ್ಲಿ ಸುಮಾರು 33.6 ಕಿಲೋ, 45 ಡಿಗ್ರಿಯಲ್ಲಿ ಸುಮಾರು 4.35 ಕಿಲೋ ಇರುತ್ತದೆ. ಈ ಎರಡನ್ನು ಸೂತ್ರಕ್ಕೆ ಹಾಕಿದರೆ ಮೇಲಿನ ರೆಸಿಸ್ಟರ್ 4.86 ಕಿಲೋ, ಸಮಾಂತರದ್ದು 46.1 ಕಿಲೋ ಬರುತ್ತದೆ. ಅಂಗಡಿಯಲ್ಲಿ ಸಿಗುವ 4.7 ಮತ್ತು 47 ಕಿಲೋ ಹಾಕಿ. ಆಗ ಮಿತಿಗಳು 1.3 ಡಿಗ್ರಿ ಮತ್ತು 46 ಡಿಗ್ರಿ ಆಗುತ್ತವೆ. ಸಮಾಂತರದ್ದನ್ನು ಬಿಟ್ಟು 4.7 ಮಾತ್ರ ಹಾಕಿದರೆ 11.4 ಮತ್ತು 48.2 ಆಗಿ, ಚಳಿಗಾಲದ ಬೆಳಗಿನಲ್ಲಿ ಬೇರೊಂದು ತಲೆನೋವು ಶುರುವಾಗುತ್ತದೆ.

ಬೆಸೆದ ಮೇಲೆ ಮೂರು ಸಲ ಪರೀಕ್ಷಿಸಿ. ಬೆರಳಲ್ಲಿ ಹಿಡಿದರೆ ದೀಪ ಆರಬಾರದು. ಥರ್ಮಿಸ್ಟರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಿಸಿ ಚಹಾದ ಲೋಟಕ್ಕೆ ತಾಗಿಸಿದರೆ ಆರಬೇಕು. ಐಸ್ ತುಂಬಿದ ನೀರಿನಲ್ಲಿ ಮುಳುಗಿಸಿ ಎರಡು ನಿಮಿಷ ಕಾದರೂ ಆರಬೇಕು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಕೆಂಪು ಹತ್ತಿದ್ದರೆ ಚಾರ್ಜ್ ಆಗುತ್ತಿದೆ, ಹಸಿರು ಹತ್ತಿದ್ದರೆ ತುಂಬಿದೆ. ಹಸಿರು ಹತ್ತಿ ಕೆಂಪು ಮಿಣುಕುತ್ತಿದ್ದರೆ ಸೆಲ್ ಜೋಡಿಸಿಲ್ಲ. ಎರಡೂ ಆರಿದ್ದರೆ ಇನ್‌ಪುಟ್ ವೋಲ್ಟೇಜ್ ಸಾಲದು, ಅಥವಾ ಸೆಲ್ಲಿನ ಉಷ್ಣಾಂಶ ಮಿತಿ ಮೀರಿದೆ. ಕರೆಂಟು ಹೋದಾಗಲೂ ಎರಡೂ ಆರಿರುತ್ತವೆ ಎಂಬುದನ್ನು ಹೇಳಬೇಕಾಗಿಲ್ಲ. ಮೂರು ಸಂಗತಿಗಳಿಗೆ ಒಂದೇ ಚಿಹ್ನೆ ಇರುವುದು ಈ ಚಿಪ್ಪಿನ ನಿಜವಾದ ಕೊರತೆ. ನೀವು ಚಿಪ್ ಬದಲಿಸಿ ಶ್ರಮಪಟ್ಟದ್ದೂ ಅದರಿಂದಲೇ.

ಸರಳದಾರಿ (ಉತ್ತರ)

ಇಷ್ಟೆಲ್ಲ ಲೆಕ್ಕ ಬೇಕೇ? ಒಂದನೇ ಕಾಲನ್ನು ಮತ್ತೆ ಗ್ರೌಂಡಿಗೆ ಬೆಸೆದುಬಿಡಿ. ಮಾಡ್ಯೂಲ್ ಮಾಡುವವರೇ ಹಾಗೆ ಮಾಡಿಕೊಟ್ಟಿದ್ದಾರೆ, ನಾನು ವರ್ಷಗಳಿಂದ ಹಾಗೆಯೇ ಬಳಸುತ್ತಿದ್ದೇನೆ. ಚಿಪ್ಪಿಗೆ ತನ್ನದೇ ಆದ ಉಷ್ಣ ನಿಯಂತ್ರಣವಿದೆ, 145 ಡಿಗ್ರಿಯ ಸುಮಾರಿಗೆ ತಾನಾಗಿ ಕರೆಂಟು ಇಳಿಸುತ್ತದೆ. ಮಾಡ್ಯೂಲಿನಲ್ಲಿ ಡಿಡಬ್ಲ್ಯೂ01 ರಕ್ಷಣಾ ಚಿಪ್ ಕೂಡ ಇದ್ದರೆ ಚಿಂತೆಯೇ ಇಲ್ಲ.

ನಾಲ್ಕುಪದರ (ಉತ್ತರ)

ಸರಳದಾರಿಯವರ ಮಾತಿನಲ್ಲಿ ಎರಡು ಬೇರೆ ಬೇರೆ ಉಷ್ಣಾಂಶಗಳು ಒಂದಾಗಿಬಿಟ್ಟಿವೆ. 145 ಡಿಗ್ರಿ ಎಂಬುದು ಚಿಪ್ಪಿನೊಳಗಿನ ಸಿಲಿಕಾನಿನದ್ದು. ಟಿಪಿ4056 ಲೀನಿಯರ್ ಚಾರ್ಜರ್ ಆದ್ದರಿಂದ, 3 ವೋಲ್ಟಿಗೆ ಇಳಿದ ಸೆಲ್ಲಿಗೆ 5 ವೋಲ್ಟಿನಿಂದ 1 ಆಂಪಿಯರ್ ಕೊಡುವಾಗ ಉಳಿದ 2 ವೋಲ್ಟು ಅಲ್ಲೇ ಉರಿದು, 2 ವ್ಯಾಟ್ ಶಾಖ ಎಂಟು ಕಾಲಿನ ಆ ಪುಟ್ಟ ಚಿಪ್ಪಿನಲ್ಲೇ ಹುಟ್ಟುತ್ತದೆ. ಒಳಗಿನ ನಿಯಂತ್ರಣ ಇರುವುದು ಚಿಪ್ ಸುಡದಿರಲೆಂದು. ಸೆಲ್ 50 ಡಿಗ್ರಿಯಲ್ಲಿದ್ದರೂ, ಫ್ರಿಜ್ಜಿನಿಂದ ಈಗ ತಾನೇ ಹೊರಬಂದಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಡಿಡಬ್ಲ್ಯೂ01 ಸಹ ಅತಿಯಾದ ಚಾರ್ಜ್, ಅತಿಯಾದ ಡಿಸ್ಚಾರ್ಜ್ ಮತ್ತು ಅತಿಯಾದ ಕರೆಂಟನ್ನು ಮಾತ್ರ ಕಾಯುತ್ತದೆ. ಅದಕ್ಕೆ ಉಷ್ಣಾಂಶದ ಪಿನ್ನೇ ಇಲ್ಲ.

ಮಾಡ್ಯೂಲ್ ಮಾಡುವವರು ಆ ಕಾಲನ್ನು ಗ್ರೌಂಡಿಗೆ ಸೇರಿಸುವುದು ಸೆಲ್ ಯಾರದ್ದು, ಥರ್ಮಿಸ್ಟರ್ ಯಾವುದು ಎಂದು ಅವರಿಗೆ ಗೊತ್ತಿರದ ಕಾರಣ. ಮನೆಯ ಮೇಜಿನ ಮೇಲೆ, ಕಣ್ಣೆದುರಿಗೆ ಚಾರ್ಜ್ ಮಾಡುವವರಿಗೆ ಅದು ನಡೆದೀತು. ತಗಡಿನ ಶೆಡ್ಡಿನಲ್ಲಿ ಯಾರೂ ನೋಡದೆ ದಿನವಿಡೀ ನಡೆಯುವ ಪೆಟ್ಟಿಗೆಗೆ ನಾನಂತೂ ಹಾಗೆ ಹೇಳಲಾರೆ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಅಯಾನುಗಳು ಗ್ರಾಫೈಟಿನೊಳಗೆ ಹೋಗಲಾರದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತವೆ. ಕಲಬುರಗಿಗೆ ಆ ಭಯವಿಲ್ಲ. ಬಿಸಿಯ ಕಡೆಯಲ್ಲಿ, ಪೂರ್ತಿ ವೋಲ್ಟೇಜಿನಲ್ಲಿರುವ ಬಿಸಿ ಸೆಲ್ಲಿನೊಳಗೆ ಬೇಡದ ರಾಸಾಯನಿಕ ಕ್ರಿಯೆಗಳು ವೇಗ ಪಡೆದು ಆಯಸ್ಸು ಕುಗ್ಗುತ್ತದೆ, ಕೆಲವೊಮ್ಮೆ ಸೆಲ್ ಉಬ್ಬುತ್ತದೆ.

ನೋಟ್‌ಬುಕ್ ಕಂಪ್ಯೂಟರುಗಳ ಬ್ಯಾಟರಿಗಳಿಗಾಗಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮಗಳ ಸಂಘವಾದ ಜೇಟಾ ಅಲ್ಲಿನ ಬ್ಯಾಟರಿ ಸಂಘದೊಡನೆ 2007ರಲ್ಲಿ ಹೊರತಂದ ಮಾರ್ಗಸೂಚಿಯ ಹಿಂದಿರುವುದೂ ಇದೇ ವಿಚಾರ. ಬರೀ ‘ನಡೆ’ ಮತ್ತು ‘ನಿಲ್ಲು’ ಎನ್ನದೆ, ತಂಪಿನ ವಲಯದಲ್ಲಿ ಕರೆಂಟನ್ನು ಇಳಿಸುವುದು, ಬಿಸಿಯ ವಲಯದಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಇಳಿಸುವುದು ಅದರ ದಾರಿ. ಅನಂತರ ಬಂದ ಅನೇಕ ಚಾರ್ಜರ್ ಚಿಪ್‌ಗಳಲ್ಲಿ ಈ ಮೆಟ್ಟಿಲುಗಳಿವೆ. ಟಿಪಿ4056ರಲ್ಲಿ ಇಲ್ಲ, ಅದಕ್ಕೆ ಎರಡೇ ಗೆರೆಗಳು.

ಚಿಹ್ನೆಗಳ ವಿಷಯದಲ್ಲಿ ಬೆಸುಗೆಕಡ್ಡಿಯವರು ಹೇಳಿದ ಕೊರತೆಯನ್ನು ಬೇರೆ ಚಿಪ್‌ಗಳು ಹೇಗೆ ನೀಗಿಸಿವೆ ಎಂಬುದನ್ನು ನೋಡುವುದು ಒಳ್ಳೆಯದು. ಮೈಕ್ರೋಚಿಪ್ ಕಂಪನಿಯ ಎಂಸಿಪಿ73833ರಲ್ಲಿ ಎರಡು ಸ್ಥಿತಿ ಪಿನ್‌ಗಳ ಜೊತೆಗೆ ‘ಪವರ್ ಗುಡ್’ ಎಂಬ ಮೂರನೆಯದಿದೆ. ಇನ್‌ಪುಟ್ ಸರಿಯಿದ್ದರೆ ಅದು ಕೆಳಗೆ ಎಳೆದೇ ಇರುತ್ತದೆ. ಹಾಗಾಗಿ ಮೊದಲ ಎರಡೂ ಆರಿ ಮೂರನೆಯದು ಹತ್ತಿದ್ದರೆ ಅದು ದೋಷ, ಮೂರೂ ಆರಿದ್ದರೆ ವಿದ್ಯುತ್ತೇ ಇಲ್ಲ. ಒಂದೇ ಒಂದು ತಂತಿ ಹೆಚ್ಚಿಸಿ ಗೊಂದಲವನ್ನು ಬಿಡಿಸಿದ್ದಾರೆ. ಅದೇ ಕಂಪನಿಯ ಎಂಸಿಪಿ73831 ಇದಕ್ಕೆ ತದ್ವಿರುದ್ಧ: ಒಂದೇ ಪಿನ್ ಚಾರ್ಜ್ ಆಗುವಾಗ ಕೆಳಗೆ, ತುಂಬಿದಾಗ ಮೇಲೆ, ಸೆಲ್ ಇಲ್ಲದಾಗ ತೇಲುವ ಸ್ಥಿತಿಯಲ್ಲಿರುತ್ತದೆ, ಥರ್ಮಿಸ್ಟರ್ ಪಿನ್ ಮಾತ್ರ ಇಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ25895ರಂಥ ಚಿಪ್ ಆದರೆ ಐ2ಸಿ ಎಂಬ, ಚಿಪ್‌ಗಳು ಪರಸ್ಪರ ಮಾತಾಡುವ ತಂತಿಯ ಮೂಲಕ ರಿಜಿಸ್ಟರ್ ಓದಿ, ಥರ್ಮಿಸ್ಟರಿನದೇ ದೋಷ ಎಂದು ಹೆಸರು ಹಿಡಿದು ತಿಳಿಯಬಹುದು. ದೋಷವಿದ್ದಾಗ ಅದರ ಸ್ಥಿತಿ ಪಿನ್ ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಒಂದು ಸೆಲ್ಲಿನ ಪೆಟ್ಟಿಗೆಗೆ ಅಷ್ಟು ಬೇಡ ಎಂಬುದು ನನ್ನ ಅಭಿಪ್ರಾಯ.

ಒಂದು ಮಾತು ಹೊಲದಂಚು ಅವರಿಗೆ. ರೆಸಿಸ್ಟರ್ ಸರಿಪಡಿಸಿದ ಮೇಲೂ ನಡು ಮಧ್ಯಾಹ್ನ ದೀಪಗಳು ಆರಬಹುದು. ಹೊರಗೆ 42 ಡಿಗ್ರಿ ಇರುವ ದಿನ ತಗಡಿನ ಕೆಳಗೆ 46 ದಾಟುವುದು ದೊಡ್ಡ ವಿಷಯವಲ್ಲ, ಮತ್ತು ಆಗ ಚಿಪ್ ನಿಲ್ಲಿಸಿದರೆ ನೀವು ಕೇಳಿದ ಕೆಲಸವನ್ನೇ ಅದು ಮಾಡುತ್ತಿದೆ. ನಿಮ್ಮ ಪೆಟ್ಟಿಗೆ ತಿನ್ನುವ ಕರೆಂಟು ಕಡಿಮೆಯಿರುವುದರಿಂದ ರಾತ್ರಿಯ ಚಾರ್ಜಿಂಗ್ ಸಾಕು. ಚಾರ್ಜಿಂಗ್ ಕರೆಂಟನ್ನು ನಿರ್ಧರಿಸುವ ಪ್ರೋಗ್ ಪಿನ್ನಿನ 1.2 ಕಿಲೋ ಓಮ್ ರೆಸಿಸ್ಟರನ್ನು 2.4 ಕಿಲೋ ಮಾಡಿದರೆ ಕರೆಂಟು 1 ಆಂಪಿಯರಿನಿಂದ ಅರ್ಧಕ್ಕೆ ಇಳಿದು, ಪೆಟ್ಟಿಗೆಯೊಳಗಿನ ಶಾಖವೂ ಅರ್ಧವಾಗುತ್ತದೆ.

ಹೊಲದಂಚು

ಎಲ್ಲರಿಗೂ ಧನ್ಯವಾದ. 4.7 ಮತ್ತು 47 ಕಿಲೋ ಹಾಕಿದೆ, ಪ್ರೋಗ್ ರೆಸಿಸ್ಟರನ್ನೂ ಬದಲಿಸಿದೆ. ಅದೇ 31 ಡಿಗ್ರಿಯಲ್ಲಿ ಇನ್‌ಪುಟ್ 4.94, ಟೆಂಪ್ ಪಿನ್ 2.89 ವೋಲ್ಟ್, ಅಂದರೆ ಸುಮಾರು ಶೇ 58. ಬೆರಳಿಗೆ ಆರಲಿಲ್ಲ, ಚಹಾ ಲೋಟಕ್ಕೆ ಆರಿತು, ಐಸ್ ನೀರಿನಲ್ಲಿ ಎರಡು ನಿಮಿಷ ಸಾಲದೆ ನಾಲ್ಕು ನಿಮಿಷ ಕಾದ ಮೇಲೆ ಆರಿತು.

ಇನ್ನೊಂದು ಸಂದೇಹ. ದೀಪಗಳನ್ನು ನೋಡಲು ದಿನವೂ ಹೊಲಕ್ಕೆ ಹೋಗಲಾಗುವುದಿಲ್ಲ. ಸ್ಥಿತಿಯನ್ನು ಇಎಸ್‌ಪಿ32 ಓದಿ ತೇವಾಂಶದ ಜೊತೆಗೇ ಕಳುಹಿಸುವಂತೆ ಮಾಡಬೇಕೆಂದಿದ್ದೇನೆ. ಚಾರ್ಜರ್ ಚಿಪ್ಪಿನಲ್ಲಿ ದೀಪಗಳನ್ನು ನಡೆಸುವ ಆರು ಮತ್ತು ಏಳನೇ ಕಾಲುಗಳಿಂದ ನೇರವಾಗಿ 34 ಮತ್ತು 35ನೇ ಪಿನ್‌ಗಳಿಗೆ ತಂತಿ ಎಳೆಯಬಹುದೇ?

ಬೆಸುಗೆಕಡ್ಡಿ

ನೇರವಾಗಿ ಬೇಡ. ಆ ಎರಡೂ ಕಾಲುಗಳು ಓಪನ್ ಡ್ರೇನ್. ಕೆಳಗೆ ಎಳೆಯಬಲ್ಲವು, ಮೇಲೆ ತಳ್ಳಲಾರವು. ಮಾಡ್ಯೂಲಿನಲ್ಲಿ ಅವು ಎಲ್‌ಇಡಿ ಮತ್ತು ರೆಸಿಸ್ಟರ್ ದಾಟಿ 5 ವೋಲ್ಟಿಗೆ ಕಟ್ಟಿಕೊಂಡಿವೆ. ದೀಪ ಆರಿದಾಗ ಕಾಲು ತೇಲಿ 5 ವೋಲ್ಟಿನ ಕಡೆಗೆ ಏರುತ್ತದೆ, ಇಎಸ್‌ಪಿ32ರ ಪಿನ್‌ಗಳು 3.3 ವೋಲ್ಟಿನವು. ಜೊತೆಗೆ 34ರಿಂದ 39ರವರೆಗಿನ ಪಿನ್‌ಗಳಿಗೆ ಒಳಗಿನ ಪುಲ್‌ಅಪ್ (ಪಿನ್ನನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಇಲ್ಲ. ಕೋಡಿನಲ್ಲಿ ಕೇಳಿದರೂ ಸಿಗುವುದಿಲ್ಲ, ದೂರುವುದೂ ಇಲ್ಲ. ನಾನು ಒಂದು ಸಂಜೆಯನ್ನು ಇದರಲ್ಲೇ ಕಳೆದಿದ್ದೇನೆ.

ಪ್ರತಿ ಸಾಲಿಗೂ ಒಂದು ಶಾಟ್ಕಿ ಡಯೋಡ್ (ಕಡಿಮೆ ವೋಲ್ಟೇಜ್ ನುಂಗುವ ಬಗೆ) ಹಾಕಿ. ಕ್ಯಾಥೋಡ್ ಚಾರ್ಜರ್ ಕಾಲಿನ ಕಡೆಗೆ, ಆನೋಡ್ ಇಎಸ್‌ಪಿ32ರ ಕಡೆಗೆ, ಆನೋಡಿನಿಂದ 3.3 ವೋಲ್ಟಿಗೆ 10 ಕಿಲೋ ಪುಲ್‌ಅಪ್. ಕಾಲು ಕೆಳಗಿಳಿದಾಗ ಡಯೋಡ್ ಪಿನ್ನನ್ನೂ ಕೆಳಗೆಳೆಯುತ್ತದೆ, 5 ವೋಲ್ಟಿಗೆ ಏರಿದಾಗ ಅಡ್ಡ ನಿಲ್ಲುತ್ತದೆ. ಸಾಮಾನ್ಯ ಸಿಲಿಕಾನ್ ಡಯೋಡ್ ಹಾಕಿದರೆ ಅದರ 0.6 ವೋಲ್ಟಿಗೆ ಚಾರ್ಜರ್ ಕಾಲಿನಲ್ಲಿ ಉಳಿಯುವ ಅಲ್ಪ ವೋಲ್ಟೇಜೂ ಸೇರಿ, ‘ಕೆಳಗೆ’ ಎಂದು ಇಎಸ್‌ಪಿ32 ಒಪ್ಪುವ ಸುಮಾರು 0.8 ವೋಲ್ಟಿನ ಅಂಚಿಗೆ ಬರುತ್ತದೆ. ಕೆಲವೊಮ್ಮೆ ಓದುತ್ತದೆ, ಕೆಲವೊಮ್ಮೆ ಇಲ್ಲ. ಅಂಥ ದೋಷ ಹುಡುಕುವುದು ಕಷ್ಟ.

ಒಮ್ಮೆ ಮಾತ್ರ ಓದಿ ತೀರ್ಮಾನಿಸಬೇಡಿ. ಸೆಲ್ ಕಳಚಿದಾಗ ಕೆಂಪು ದೀಪ ಮಿಣುಕುವ ಅವಧಿ 1ರಿಂದ 4 ಸೆಕೆಂಡು. ನೂರು ಮಿಲಿಸೆಕೆಂಡಿಗೊಮ್ಮೆಯಂತೆ ಐದು ಸೆಕೆಂಡು ಓದಿ, ಆ ಸಾಲು ಬದಲಾಗುತ್ತಿತ್ತೇ ಎಂದು ನೋಡಿದ ಮೇಲೆ ಹೆಸರು ಕೊಡಿ.

ಎರಡೂ ಆರಿದಾಗಿನ ಗೊಂದಲ ಬಿಡಿಸಲು ಇನ್‌ಪುಟ್ ವೋಲ್ಟೇಜನ್ನೂ ಟೆಂಪ್ ಪಿನ್ನನ್ನೂ ಅಳೆಯಬೇಕು. ಟೆಂಪ್ ಪಿನ್ 4 ವೋಲ್ಟಿನವರೆಗೆ ಏರಬಹುದಾದ್ದರಿಂದ 100 ಕಿಲೋದ ಎರಡು ರೆಸಿಸ್ಟರುಗಳಿಂದ ಅರ್ಧ ಮಾಡಿ ಕೊಡಿ. ಆದರೆ ಆ 200 ಕಿಲೋ ನಿಮ್ಮ 47 ಕಿಲೋಗೆ ಸಮಾಂತರವಾಗಿ ಕೂತು, ತಣ್ಣನೆಯ ಮಿತಿಯನ್ನು 1.3ರಿಂದ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಕ್ಕೆ ಜಾರಿಸುತ್ತದೆ. 47ರ ಬದಲು 56 ಕಿಲೋ ಹಾಕಿದರೆ ಮಿತಿಗಳು 0.4 ಮತ್ತು 45.8 ಆಗಿ ಮತ್ತೆ ಜಾಗಕ್ಕೆ ಬರುತ್ತವೆ.

ನಾಲ್ಕುಪದರ

ಇದಕ್ಕೆ ಒಂದು ಸೇರ್ಪಡೆ. ಆ ಪಿನ್ನಿನಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಇಎಸ್‌ಪಿ32ರ ಕಡೆಗಿಡಿ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಅಳೆಯುವ ಕ್ಷಣದಲ್ಲಿ 100 ಕಿಲೋದ ರೆಸಿಸ್ಟರುಗಳ ಮೂಲಕ ಬೇಕಾದಷ್ಟು ಕರೆಂಟು ಸಿಗದೆ ಅಂಕಿ ಅಲ್ಲಾಡುತ್ತದೆ. ಅಳತೆಯ ಮೊತ್ತಕ್ಕಿಂತ ಅನುಪಾತವನ್ನೇ ದಾಖಲಿಸಿ, ಏಕೆಂದರೆ ಚಿಪ್ ನೋಡುವುದೂ ಅದನ್ನೇ.

ಹೊಲದಂಚು

ಮೂರು ದಿನದ ದಾಖಲೆ ಬಂದಿದೆ. ಮೊದಲ ದಿನ ಮಧ್ಯಾಹ್ನ 1.40ರಿಂದ 4.50ರವರೆಗೆ ಎರಡೂ ದೀಪ ಆರಿದ್ದವು. ಇನ್‌ಪುಟ್ 5 ವೋಲ್ಟಿನ ಆಸುಪಾಸಿನಲ್ಲೇ ಇತ್ತು, ಅನುಪಾತ ಶೇ 44ಕ್ಕೆ ಇಳಿದಿತ್ತು. ಎರಡನೆಯ ದಿನ ಬೆಳಗ್ಗೆ 9ಕ್ಕೆ ಆರಿದಾಗ ಇನ್‌ಪುಟ್ ಸೊನ್ನೆ, ಅಂದರೆ ಕರೆಂಟು ಹೋಗಿತ್ತು. ಹೊರಗಿನಿಂದ ನೋಡಿದ್ದರೆ ಎರಡೂ ಒಂದೇ ಥರ ಕಾಣುತ್ತಿದ್ದವು. ನಿನ್ನೆ ಪೆಟ್ಟಿಗೆಯನ್ನು ತಗಡಿನ ಗೋಡೆಯಿಂದ ಬಿಡಿಸಿ, ನೀರಿನ ತೊಟ್ಟಿಯ ಪಕ್ಕದ ಕಲ್ಲಿನ ಗೋಡೆಗೆ ಕಟ್ಟಿದ್ದೇನೆ. ಮಧ್ಯಾಹ್ನದ ಅತಿ ಕಡಿಮೆ ಅನುಪಾತ ಶೇ 49.